ಅಜ್ಜಿ ನೋಡಿದ್ದು, ನಾನು ನೋಡದೇ ಇದ್ದದ್ದು

ಆಟಿ ತಿಂಗಳ ಮಳೆ. ಬದಿಯಡ್ಕದ ಹತ್ತಿರ ನನ್ನ ಕ್ಲಿನಿಕ್. ಆ ಸಂಜೆ ಬಂದ ಮಕ್ಕಳಿಗೆಲ್ಲ ಶೀತವೇ. ಕೊನೆಗೆ ಐದು ವಾರದ ಹೆಣ್ಣು ಮಗುವನ್ನು ಕರೆತಂದರು. ಮೂಗು ಕಟ್ಟಿತ್ತು, ಅಷ್ಟೇ. ಜ್ವರ ಇಲ್ಲ, ಕೆಮ್ಮೂ ಇಲ್ಲ. ಅಂಗನವಾಡಿಗೆ ಹೋಗುವ ಅಣ್ಣನಿಗೆ ಎರಡು ದಿನದಿಂದ ಶೀತ.

ಅಂಗಿ ಬಿಚ್ಚಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 48. ಪಾದಕ್ಕೆ ಹಾಕಿದ ಆಕ್ಸಿಜನ್ ಮೀಟರಿನಲ್ಲಿ 97. ಎರಡೂ ಸರಿಯಾಗಿಯೇ ಇದ್ದವು. ಮೂಗಿಗೆ ಉಪ್ಪುನೀರಿನ ಹನಿ ಬರೆದು ಮನೆಗೆ ಕಳಿಸುವುದರಲ್ಲಿದ್ದೆ.

ಆಗ ಅಜ್ಜಿ ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಮಧ್ಯಾಹ್ನ ಮಲಗಿದ್ದಾಗ ಎರಡು ಸಲ ಉಸಿರೇ ನಿಂತ ಹಾಗಾಯ್ತು. ತುಟಿ ಕಪ್ಪಾಯ್ತು. ಕಾಲು ತಟ್ಟಿದ ಮೇಲೆ ಎಳ್ಕೊಂಡಿತು."

"ಅಮ್ಮನಿಗೆ ಹೆದರಿಕೆ ಜಾಸ್ತಿ," ಎಂದಳು ಮಗುವಿನ ತಾಯಿ.

ಎಳೆ ಮಕ್ಕಳು ಬೇಗ ಬೇಗ ಉಸಿರಾಡಿ, ಐದು-ಹತ್ತು ಸೆಕೆಂಡ್ ಸುಮ್ನೆ ನಿಲ್ಲಿಸುವುದುಂಟು. ಬಣ್ಣ ಬದಲಾಗದಿದ್ದರೆ ಅದು ಸಹಜ. ಆದರೆ 20 ಸೆಕೆಂಡ್ ನಿಂತರೆ, ಅಥವಾ ಅದಕ್ಕಿಂತ ಕಡಿಮೆ ನಿಂತರೂ ತುಟಿ ಕಪ್ಪಾದರೆ, ಅದು ಸಹಜವಲ್ಲ. ಹೆರಿಗೆ ಯಾವಾಗ ಆಯಿತು ಎಂದು ಕೇಳಿದೆ. ದಿನ ತುಂಬುವ ಆರು ವಾರ ಮೊದಲೇ ಆಗಿತ್ತಂತೆ. ಅಂದರೆ ಈ ಮಗು ಹುಟ್ಟಬೇಕಾಗಿದ್ದ ದಿನವೇ ಇನ್ನೂ ಬಂದಿಲ್ಲ! ಮೊದಲೇ ಕೇಳಬೇಕಿತ್ತು ನಾನು.

ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವಷ್ಟರಲ್ಲಿ ಮಗು ಹಾಲು ಕುಡಿದು ನಿದ್ದೆ ಹೋಯಿತು. ನಾನು ಎದೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎದೆ ಏಳುವುದು ನಿಂತಿತು. ಎಣಿಸತೊಡಗಿದೆ. ಹದಿನಾಲ್ಕಕ್ಕೆ ಬರುವಾಗ ತುಟಿಯ ಸುತ್ತ ನೀಲಿ, ಮೀಟರಿನಲ್ಲಿ 82. ಅಂಗಾಲಿಗೆ ಬೆರಳಿನಿಂದ ತಟ್ಟಿದೆ. ಉಸಿರು ಬಂತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಕುಂಬಳೆಗೆ ಇಳಿದು, ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಮಂಗಳೂರು. ಮಾಸ್ಕ್, ಕೈಯಲ್ಲಿ ಒತ್ತಿ ಗಾಳಿ ಕೊಡುವ ಬ್ಯಾಗ್ ಹಿಡಿದು ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಇನ್ನೆರಡು ಸಲ ಉಸಿರು ನಿಂತಿತು. ಒಮ್ಮೆ ತಟ್ಟಿದ್ದು ಸಾಕಾಗಲಿಲ್ಲ, ಬ್ಯಾಗ್ ಒತ್ತಿ ಗಾಳಿ ಕೊಡಬೇಕಾಯಿತು.

ಪರೀಕ್ಷೆಯಲ್ಲಿ ಆರ್‌ಎಸ್‌ವಿ ವೈರಸ್ ಬಂತು. ಹೆಚ್ಚಿನ ದೊಡ್ಡವರಿಗೆ ಇದು ಬರೀ ಶೀತ. ಎರಡು ತಿಂಗಳೊಳಗಿನ, ಅದರಲ್ಲೂ ಅವಧಿಗೆ ಮೊದಲು ಹುಟ್ಟಿದ ಮಕ್ಕಳಲ್ಲಿ ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಕೆಮ್ಮು, ದಮ್ಮು ಶುರುವಾಗುವ ಮೊದಲೇ ಉಸಿರು ನಿಲ್ಲಬಹುದು. ಮೂರು ದಿನ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟರು. ಎಂಟನೇ ದಿನ ಮಗು ಮನೆಗೆ ಬಂತು.

ಈಗ ಅಷ್ಟು ಸಣ್ಣ ಮಗು ಶೀತ ಅಂತ ಬಂದರೆ ನನ್ನ ಮೊದಲ ಪ್ರಶ್ನೆ ಹೆರಿಗೆ ಯಾವಾಗ ಆಯಿತು ಅಂತ. ಎರಡನೆಯದು, ಮಲಗಿದ್ದಾಗ ಏನಾದರೂ ನೋಡಿದಿರಾ ಅಂತ. ತುಟಿ ಕಪ್ಪಾಗಿದ್ದನ್ನು ಮನೆಯವರಲ್ಲಿ ಒಬ್ಬರು ನೋಡಿದ್ದರೂ ಸಾಕು, ನನ್ನ ಮೀಟರಿನಲ್ಲಿ ಎಷ್ಟೇ ಇರಲಿ, ಆಸ್ಪತ್ರೆಗೆ ಕಳಿಸುತ್ತೇನೆ.