ಒಂದು ಸಲಕ್ಕೆ ಒಂದೇ ಚಿತ್ರ

ನನ್ನ ಮಗಳಿಗೆ ಈಗ 26 ವರ್ಷ. ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಚಿತ್ರ ಬರೆಯಲು ಬರುವುದಿಲ್ಲ. ಆದರೆ ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ಅಲ್ಲಿನ ಆರ್ಟ್ ಗ್ಯಾಲರಿಯನ್ನೇ. "ಅದು ಹೇಗೆ ಅಭ್ಯಾಸ ಮಾಡಿಸಿದೆ ಅಕ್ಕ? ನಮ್ಮ ಮಕ್ಕಳು ಮ್ಯೂಸಿಯಂ ಅಂದರೆ ಓಡಿಹೋಗ್ತಾರೆ" ಅಂತ ನನ್ನ ತಂಗಿ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾನು ತಪ್ಪು ಮಾಡಿದೆ. ಅವಳಿಗೆ ಆಗ ಆರು ವರ್ಷ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಎಲ್ಲವನ್ನೂ ಒಂದೇ ಬೆಳಿಗ್ಗೆ ತೋರಿಸಲು ಹೊರಟೆ. ಕಾಲು ನೋವು ಅಂತ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅವಳು ತಾನಾಗಿ ನಿಂತು ನೋಡಿದ್ದು ಒಂದೇ, ಆತಕೂರು ಶಾಸನದ ಕಲ್ಲು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ನಾಯಿ, ಹಂದಿ ಎರಡನ್ನೂ ಅದರ ಮೇಲೆ ಕೆತ್ತಿದ್ದಾರೆ. ಮನೆಗೆ ಬಂದ ಮೇಲೂ ಅವಳದ್ದು ಕಾಳಿಯದ್ದೇ ಮಾತು. ಮುಂದಿನ ವಾರ ಕಾಳಿಯನ್ನು ನೋಡಲು ಮಾತ್ರ ಹೋದೆವು. ಅರ್ಧ ಗಂಟೆ ನೋಡಿ, ಕಬ್ಬನ್ ಪಾರ್ಕಿನಲ್ಲಿ ಕಡಲೆಕಾಯಿ ತಿಂದು ವಾಪಸು ಬಂದೆವು.

ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಚಿತ್ರ. ಪಕ್ಕದ ವೆಂಕಟಪ್ಪ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರು ಬರೆದ ಊಟಿಯ ಜಲವರ್ಣಗಳ ಮುಂದೆ ನಾವು ಎಷ್ಟು ಭಾನುವಾರ ಕಳೆದಿದ್ದೇವೋ! ಹೆಸರು, ಇಸವಿ ನಾನು ಕೇಳುತ್ತಿರಲಿಲ್ಲ. "ಏನು ಕಾಣ್ತಾ ಇದೆ?" ಅಂತ ಮಾತ್ರ ಕೇಳುತ್ತಿದ್ದೆ. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಶುರುವಾಯಿತು. ಅಲ್ಲಿನ ಕೆಲವು ಚಿತ್ರಗಳು ನನಗೇ ಅರ್ಥವಾಗಲಿಲ್ಲ. "ನಂಗೂ ಗೊತ್ತಿಲ್ಲ ಪುಟ್ಟಿ, ನೀನೇ ಹೇಳು" ಅಂದುಬಿಟ್ಟೆ. ಅವಳು ಜಾಸ್ತಿ ಮಾತಾಡಲು ಶುರು ಮಾಡಿದ್ದು ಅಲ್ಲೇ.

ಕಳೆದ ತಿಂಗಳು ಅವಳೇ ನನ್ನನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದಳು. ದೀಪ ಹಿಡಿದ ಹೆಣ್ಣಿನ ಆ ಚಿತ್ರ ರವಿವರ್ಮನದ್ದು ಅಂತ ನಾನು ಮೊದಲಿಂದಲೂ ನಂಬಿದ್ದೆ. "ಅಲ್ಲಮ್ಮ, ಹಾಲ್ದಣ್‌ಕರ್ ಅವರದ್ದು. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಗೀತಾ" ಅಂದಳು. ಜಲವರ್ಣದಲ್ಲಿ ತಪ್ಪಿದರೆ ಮೇಲೆ ಬಳಿದು ಮುಚ್ಚುವುದು ಕಷ್ಟವಂತೆ. ಬೆಳಕು ಬೇಕಾದ ಕಡೆ ಬಣ್ಣವನ್ನು ತೆಳುವಾಗಿಯೇ ಬಿಡಬೇಕಂತೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿನ ಕೆಂಪನ್ನು ನಾನು ಸರಿಯಾಗಿ ನೋಡಿದ್ದು ಆಗಲೇ.

ನಮ್ಮ ಹಿಂದೆ ನಿಂತಿದ್ದ ಒಂದು ಕುಟುಂಬವೂ ಹತ್ತಿರ ಬಂದು ಕೇಳಿಸಿಕೊಳ್ಳತೊಡಗಿತು. ಅವರ ಮನೆಯ ಅಜ್ಜಿ ನನ್ನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಹೇಳ್ತಾಳೆ! ಇಲ್ಲೇ ಕೆಲಸ ಮಾಡ್ತಾಳಾ?" ಅಂದರು.

"ಇಲ್ಲ, ನನ್ನ ಮಗಳು" ಅಂದೆ. ಗಂಟಲು ಕಟ್ಟಿತ್ತು.