ಕನ್ನಡ ಅಕ್ಷರ ಒಡೆಯದಂತೆ ಅಡಿಗೆರೆ, ಅಡ್ಡಗೆರೆ ಹಾಕುವುದು ಹೇಗೆ?

ದಸರೆ ಸಮೀಪಿಸಿದಂತೆ ಮೈಸೂರಿನ ಅಂಗಡಿಗಳ ಫೇಸ್‌ಬುಕ್ ಪುಟಗಳಲ್ಲಿ ಹಳೆಯ ದರವನ್ನು ಅಡ್ಡಗೆರೆಯಿಂದ ಹೊಡೆದುಹಾಕಿ, ಊರಿನ ಹೆಸರಿಗೆ ಅಡಿಗೆರೆ ಕೊಟ್ಟ ರಿಯಾಯಿತಿ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಎಷ್ಟೋ ಪ್ರಕಟಣೆಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ನಡುವೆ ಚುಕ್ಕಿಗಳ ವೃತ್ತ ಮೂಡಿ ಓದುವುದೇ ಕಷ್ಟವಾಗಿರುತ್ತದೆ. ಗೆರೆಯನ್ನು ತಪ್ಪು ಜಾಗದಲ್ಲಿ ಸೇರಿಸಿರುವುದೇ ಇದಕ್ಕೆ ಕಾರಣ.

ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ತಮಗೆಂದು ಜಾಗ ಹಿಡಿಯದೆ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುವ ಸಂಯೋಜಕ ಚಿಹ್ನೆಗಳಿವೆ. ಅಡಿಗೆರೆಯ ಸಂಖ್ಯೆ 0332, ಅಡ್ಡಗೆರೆಯದು 0336, ಮೇಲ್ಗೆರೆಯದು 0305. ಮೇಲ್ಗೆರೆಯು ತಲೆಕಟ್ಟಿನೊಡನೆ ಬೆರೆತು ಗೊಂದಲವಾಗುವುದರಿಂದ ಅದನ್ನು ಕನ್ನಡಕ್ಕೆ ಬಳಸಲೇಬಾರದು. ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಪಠ್ಯವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಮೊದಲು ಚಿಹ್ನೆಯನ್ನು ಸಿದ್ಧಪಡಿಸಿಕೊಳ್ಳಿ. ಮೈಕ್ರೋಸಾಫ್ಟ್ ವರ್ಡ್ ಅಥವಾ ಲಿಬ್ರೆಆಫೀಸ್‌ನ ಖಾಲಿ ಸಾಲಿನಲ್ಲಿ, ಕೀಲಿಮಣೆಯನ್ನು ಇಂಗ್ಲಿಷ್‌ಗೆ ಬದಲಿಸಿ, 0332 ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಮೂಡಿದ ಗೆರೆಯನ್ನು ನಕಲು ಮಾಡಿಕೊಳ್ಳಿ. ದರದ ಅಂಕಿಯ ಪಕ್ಕದಲ್ಲೇ ಸಂಖ್ಯೆ ಬರೆದರೆ ಎರಡೂ ಸೇರಿ ಬೇರೆಯೇ ಸಂಖ್ಯೆಯಾಗಿಬಿಡುತ್ತದೆ. ಖಾಲಿ ಸಾಲು ಬೇಕಾಗುವುದು ಅದಕ್ಕಾಗಿಯೇ.

ಎಡವುವುದು ಮುಂದಿನ ಹಂತದಲ್ಲಿ. ಇಂಗ್ಲಿಷ್‌ನಲ್ಲಿ ಪ್ರತಿ ಅಕ್ಷರದ ನಂತರ ಗೆರೆ ಅಂಟಿಸಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಹಾಗಲ್ಲ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಮಂಡ್ಯ’ ಕಂಪ್ಯೂಟರಿನೊಳಗೆ ಮ, ಸೊನ್ನೆ, ಡ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಯ ಎಂಬ ಐದು ಸಂಕೇತಗಳಾಗಿರುತ್ತದೆ. ಹಲಂತದ ನಂತರ ಗೆರೆ ಸೇರಿತೆಂದರೆ ಒತ್ತು ಕೂಡಿಕೊಳ್ಳದೆ ಡ್ ಮತ್ತು ಯ ಬೇರೆಬೇರೆಯಾಗಿ ನಿಲ್ಲುತ್ತವೆ. ‘ಮೈಸೂರು’ ಬರೆಯುವಾಗ ಮ ಮತ್ತು ಐತ್ವದ ನಡುವೆ ಗೆರೆ ತೂರಿದರೆ, ಐತ್ವಕ್ಕೆ ಆಸರೆಯಾಗುವ ವ್ಯಂಜನ ಸಿಗದೆ ಸಾಮಾನ್ಯವಾಗಿ ಚುಕ್ಕಿವೃತ್ತ ಮೂಡುತ್ತದೆ. ಆದ್ದರಿಂದ ಗುಣಿತಾಕ್ಷರವಾಗಲಿ ಒತ್ತಕ್ಷರವಾಗಲಿ ಪೂರ್ತಿಯಾದ ಮೇಲೆಯೇ ಗೆರೆ ಅಂಟಿಸಬೇಕು: ‘ಮಂ’ ಬರೆದು ಒಂದು, ‘ಡ್ಯ’ ಬರೆದು ಇನ್ನೊಂದು, ‘ಮೈ’, ‘ಸೂ’, ‘ರು’ ಪ್ರತಿಯೊಂದಕ್ಕೂ ಒಂದೊಂದು. ಮೊದಲೇ ಬರೆದಿಟ್ಟ ಪದದೊಳಗೆ ಕರ್ಸರ್ ಸರಿಸುತ್ತ ಅಂಟಿಸುವ ಅಡ್ಡದಾರಿ ಬೇಡ, ಏಕೆಂದರೆ ಕೆಲವು ತಂತ್ರಾಂಶಗಳಲ್ಲಿ ಕರ್ಸರ್ ಒತ್ತಕ್ಷರದ ಮಧ್ಯದಲ್ಲೂ ನಿಲ್ಲುತ್ತದೆ.

ಅಲಂಕಾರಿಕ ಅಕ್ಷರ ಮಾಡಿಕೊಡುತ್ತೇವೆನ್ನುವ ಜಾಲತಾಣಗಳಲ್ಲಿ ಹಲವು ಪ್ರತಿ ಸಂಕೇತದ ನಂತರವೂ ಕುರುಡಾಗಿ ಗೆರೆ ತುರುಕುತ್ತವೆ. ಅವುಗಳ ದಪ್ಪ, ಓರೆ ಶೈಲಿಗಳು ಗಣಿತಕ್ಕೆಂದು ಯೂನಿಕೋಡ್‌ಗೆ ಸೇರಿಸಿದ ಲ್ಯಾಟಿನ್ ಅಕ್ಷರಗಳಷ್ಟೆ, ಕನ್ನಡಕ್ಕೆ ಅಂಥವು ಇಲ್ಲ. ಇದಕ್ಕಾಗಿ ಅಪರಿಚಿತ ಕೀಲಿಮಣೆ ಆ್ಯಪ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ, ನೀವು ಒತ್ತುವುದೆಲ್ಲವೂ ಅದರ ಮೂಲಕವೇ ಹಾದುಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅಡ್ಡಗೆರೆ ಬೇಕಿದ್ದರೆ ಪದದ ಎರಡೂ ತುದಿಗೆ ‘~’ ಚಿಹ್ನೆ ಹಾಕಿದರೆ ಸಾಕು.

ಸಿದ್ಧವಾದ ಬರಹವನ್ನು ಬೇರೆ ಬೇರೆ ಫೋನುಗಳಲ್ಲಿ ನೋಡಿ. ಫಾಂಟಿನಲ್ಲಿ ಆ ಚಿಹ್ನೆ ಇಲ್ಲದಿದ್ದರೆ ಗೆರೆ ತುಂಡಾಗಿಯೋ ಚೌಕವಾಗಿಯೋ ಕಾಣಬಹುದು. ಅಡಿಗೆರೆ ಒತ್ತಕ್ಷರವನ್ನು ಸೀಳುವುದೂ ಉಂಟು. ನನ್ನ ಪ್ರಕಾರ ಅಂಕಿಗಳ ಮೇಲಿನ ಅಡ್ಡಗೆರೆಯೊಂದೇ ಅಂದವಾಗಿ ಕಾಣುವಂಥದ್ದು. ಗೆರೆ ಸೇರಿದ ಪದ ಹುಡುಕಾಟದಲ್ಲಿ ಸಿಗದೆ ಹೋಗಬಹುದು, ಅಂಧರು ಬಳಸುವ ಪಠ್ಯವಾಚಕ ತಂತ್ರಾಂಶವೂ ಅದನ್ನು ಓದುವಾಗ ತಡವರಿಸಬಹುದು. ಹಾಗಾಗಿ ಅಂಗಡಿಯ ಹೆಸರು, ವಿಳಾಸ, ಫೋನ್ ಸಂಖ್ಯೆಗಳಿಗೆ ಯಾವ ಗೆರೆಯನ್ನೂ ಸೇರಿಸಬಾರದು.