ಕೊಳಲು, ಉರುಮೆ, ಕಂಪ್ಯೂಟರು: ವರ್ಚುವಲ್ ವಾದ್ಯಗಳಿಂದ ಸ್ವಂತ ಸಂಗೀತ ಕಟ್ಟುವ ಬಗೆ

ಚಿತ್ರದುರ್ಗದಲ್ಲಿದ್ದುಕೊಂಡು ಸ್ವಂತ ಸಂಗೀತ ಮಾಡುವವರಿಗೆ ಸ್ಟುಡಿಯೊ ಮತ್ತು ವಾದಕರ ತಂಡ ಕೈಗೆಟುಕುವುದು ಕಷ್ಟವಾದರೂ, ಒಂದು ಲ್ಯಾಪ್‌ಟಾಪ್, ಸಣ್ಣ ಮಿಡಿ ಕೀಬೋರ್ಡ್ (ಒತ್ತಿದ ಸ್ವರದ ಮಾಹಿತಿಯನ್ನು ಕಂಪ್ಯೂಟರಿಗೆ ಕಳಿಸುವ ಮನೆಗಳ ಸಾಧನ) ಮತ್ತು ಒಳ್ಳೆಯ ಹೆಡ್‌ಫೋನ್ ಇದ್ದರೆ ವರ್ಚುವಲ್ ವಾದ್ಯಗಳಿಂದ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ನುಡಿಸುವ ವಾದ್ಯಗಳಿಂದ, ಕೆಲಸ ಆರಂಭಿಸಬಹುದು. ನಾನು ಬಳಸುವುದು ರೀಪರ್ ಎಂಬ ಸಂಗೀತ ಮುದ್ರಣದ ತಂತ್ರಾಂಶ. ಅದನ್ನು 60 ದಿನ ಉಚಿತವಾಗಿ ಪರೀಕ್ಷಿಸಬಹುದು.

ಪ್ರಾಜೆಕ್ಟಿನ ಸ್ಯಾಂಪಲ್ ರೇಟನ್ನು, ಅಂದರೆ ಧ್ವನಿಯನ್ನು ಎಷ್ಟು ಬಾರಿ ಅಳೆಯಬೇಕೆಂಬುದನ್ನು, ಸೆಕೆಂಡಿಗೆ 48,000ಕ್ಕೆ ಇಡಿ. ನುಡಿಸುವಾಗ ಬಫರ್ (ಕಂಪ್ಯೂಟರು ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು) 128 ಸ್ಯಾಂಪಲ್ ಇದ್ದರೆ ಅದರಿಂದಾಗುವ ವಿಳಂಬ ಸುಮಾರು 2.7 ಮಿಲಿಸೆಕೆಂಡು ಮಾತ್ರ. ಮಿಕ್ಸಿಂಗ್, ಅಂದರೆ ಎಲ್ಲ ವಾದ್ಯಗಳ ಧ್ವನಿಯನ್ನು ಹದವಾಗಿ ಬೆರೆಸುವ ಹೊತ್ತಿಗೆ ಬಫರನ್ನು 1024ಕ್ಕೆ ಏರಿಸಿದರೆ ಲ್ಯಾಪ್‌ಟಾಪಿನ ಮೇಲಿನ ಹೊರೆ ತಗ್ಗುತ್ತದೆ.

ಹೊಸ ಪ್ರಾಜೆಕ್ಟು ತೆರೆದೊಡನೆ ತಂತ್ರಾಂಶ ನಾಲ್ಕರ ಲೆಕ್ಕವನ್ನೇ ಮುಂದಿಡುತ್ತದೆ. ಏಳರ ಲೆಕ್ಕದ ಮಿಶ್ರ ಚಾಪು ತಾಳ ಬೇಕಿದ್ದರೆ ಅದನ್ನು 7/8ಕ್ಕೆ ಬದಲಿಸಿ, 'ತಕಿಟ ತಕದಿಮಿ' ಎಂದು ಬಾಯಲ್ಲಿ ಹೇಳಿಕೊಂಡು, ಮೂರು ಮತ್ತು ನಾಲ್ಕರ ಮೊದಲ ಪೆಟ್ಟುಗಳಿಗೆ ಒತ್ತು ಕೊಡಿ. ಪ್ರತಿ ಪೆಟ್ಟಿನ ಬಲವನ್ನು ಮಿಡಿ 1ರಿಂದ 127ರವರೆಗಿನ ಅಂಕಿಯಲ್ಲಿ ದಾಖಲಿಸುತ್ತದೆ. ಒತ್ತಿನ ಪೆಟ್ಟು 110ರ ಆಸುಪಾಸಿನಲ್ಲಿದ್ದರೆ ನಡುವಿನವು 60ರಿಂದ 80ರೊಳಗೆ ಏರಿಳಿಯಲಿ. ನನ್ನ ಮೊದಲ ಹಾಡಿನಲ್ಲಿ ಎಲ್ಲ ಪೆಟ್ಟುಗಳನ್ನೂ ಪೂರ್ತಿ ಕ್ವಾಂಟೈಸ್ ಮಾಡಿ, ಅಂದರೆ ತಂತ್ರಾಂಶದ ತಾಳದ ಗೆರೆಗೆ ಎಳೆದು ಕೂರಿಸಿದ್ದರಿಂದ ತಾಳ ತಪ್ಪಲಿಲ್ಲ, ಆದರೆ ನಡೆಯ ಜೀವವೇ ಹೋಯಿತು. ಈಗ ಶೇ. 50ಕ್ಕಿಂತ ಹೆಚ್ಚು ಕ್ವಾಂಟೈಸ್ ಮಾಡುವುದಿಲ್ಲ.

ರಾಗಕ್ಕೆ ಹೊಸಬರು ಮೋಹನವನ್ನು ಆರಿಸಿಕೊಳ್ಳಬಹುದು. ಹಾರ್ಮೋನಿಯಂನವರು ಕಪ್ಪು ಮೂರು ಎನ್ನುವ ಮನೆಯನ್ನು (ಮೂರು ಕಪ್ಪು ಮನೆಗಳ ಗುಂಪಿನಲ್ಲಿ ಮೊದಲನೆಯದು) ಷಡ್ಜವೆಂದು ಹಿಡಿದರೆ ಕಪ್ಪು ಮನೆಗಳಲ್ಲೇ ಸ ರಿ ಗ ಪ ದ ಪೂರ್ತಿ ಸಿಗುತ್ತದೆ. ಕಷ್ಟವಿರುವುದು ಸ್ವರಗಳಲ್ಲಲ್ಲ, ಅವುಗಳ ನಡುವಿನ ದಾರಿಯಲ್ಲಿ. ವರ್ಚುವಲ್ ಕೊಳಲಿನಲ್ಲಿ ರಿಷಭ, ಗಾಂಧಾರಗಳನ್ನು ಬೇರೆ ಬೇರೆ ಒತ್ತಿದರೆ ಎರಡು ಬಿಡಿ ಸ್ವರಗಳು ಕೇಳಿಸುತ್ತವೆ. ಬದಲಾಗಿ, ರಿಷಭವನ್ನು ಒತ್ತಿ ಹಿಡಿದೇ ಪಿಚ್ ಬೆಂಡ್ ಚಕ್ರವನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ. ಬಹುತೇಕ ವಾದ್ಯಗಳಲ್ಲಿ ಅದರ ಹರವು ಎರಡು ಅರ್ಧಸ್ವರಗಳಾಗಿರುವುದರಿಂದ ಚಕ್ರ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಗಾಂಧಾರ ಬರುತ್ತದೆ. ಜೊತೆಗೆ, ಒಂದು ಸಾಲನ್ನು ನೀವೇ ಹಾಡಿ ನೋಡಿ, ಎಲ್ಲಿ ಉಸಿರು ತೆಗೆದುಕೊಂಡಿರೋ ಅಲ್ಲಿ ಕೊಳಲಿಗೂ ಬಿಡುವು ಕೊಡಿ. ಇಷ್ಟರಿಂದಲೇ ಆಗುವ ಬದಲಾವಣೆ ದುಬಾರಿ ಪ್ಲಗಿನ್ನಿನಿಂದಲೂ (ರೀಪರ್‌ನಂಥ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ವಾದ್ಯ ಅಥವಾ ಉಪಕರಣ) ಆಗದು.

ಸಾಧ್ಯವಾದರೆ ಒಂದಾದರೂ ನಿಜವಾದ ವಾದ್ಯ ಸೇರಿಸಿ. ನಮ್ಮ ಜಿಲ್ಲೆಯ ಮ್ಯಾಸಬೇಡ ಸಮುದಾಯದವರ ಉರುಮೆ ಎಂಬ ಎರಡು ಮುಖದ ಚರ್ಮವಾದ್ಯದ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಆ ನರಳಿಕೆ ಒಂದೊಂದು ಸಲ ಒಂದೊಂದು ಉದ್ದ ಇರುವುದರಿಂದ ಮೊದಲೇ ಮುದ್ರಿಸಿಟ್ಟ ತುಣುಕುಗಳಲ್ಲಿ ಅದು ದಕ್ಕುವುದಿಲ್ಲ. ವಾದಕರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದ ಸಂಭಾವನೆ ಕೊಟ್ಟು, ಗೋಡೆಗಳಿಂದ ದೂರವಿರುವ ಬಯಲಿನಲ್ಲಿ, ಮೈಕಿಗೆ ಗಾಳಿ ಬಡಿಯದಂತೆ ಫೋನನ್ನು ಮರೆಮಾಡಿ ಎರಡು ನಿಮಿಷ ಮುದ್ರಿಸಿಕೊಳ್ಳಿ. ಆಮೇಲೆ ಅವರ ಪೆಟ್ಟನ್ನು ಕಂಪ್ಯೂಟರಿನ ಗೆರೆಗೆ ಎಳೆಯದೆ, ಅವರ ನಡೆಗೆ ತಕ್ಕಂತೆ ಟೆಂಪೋ (ವೇಗದ) ಗುರುತುಗಳನ್ನು ಹಾಕಿ ವರ್ಚುವಲ್ ವಾದ್ಯಗಳು ಅವರನ್ನು ಹಿಂಬಾಲಿಸುವಂತೆ ಮಾಡಿ.

ಮಿಕ್ಸಿಂಗ್‌ನಲ್ಲಿ ಮೊದಲು ಎಲ್ಲ ಫೇಡರ್‌ಗಳನ್ನೂ (ಪ್ರತಿ ವಾದ್ಯದ ಧ್ವನಿ ಏರಿಳಿಸುವ ಗುಂಡಿಗಳು) ಕೆಳಗಿಳಿಸಿ, ಉರುಮೆಯನ್ನೂ ಕೊಳಲನ್ನೂ ಮೇಲೆ ತಂದು, ಉಳಿದವನ್ನು ಒಂದೊಂದಾಗಿ ಸೇರಿಸಿ; ಒಟ್ಟು ಧ್ವನಿಯ ಶಿಖರ ಮೈನಸ್ 6 ಡೆಸಿಬೆಲ್ ಮೀರದಿರಲಿ. ಕೊಳಲು, ತಂತಿವಾದ್ಯಗಳಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಈಕ್ಯೂನಿಂದ (ಬೇಕಾದ ಕಂಪನಾಂಕಗಳನ್ನು ಏರಿಸಿ ತಗ್ಗಿಸುವ ಉಪಕರಣ) ಕತ್ತರಿಸಿದರೆ ಉರುಮೆಗೆ ಜಾಗವಾಗುತ್ತದೆ. ಆದರೂ ಗದ್ದಲವೆನಿಸಿದರೆ 200ರಿಂದ 400 ಹರ್ಟ್ಸ್ ನಡುವೆ ಹಿನ್ನೆಲೆ ವಾದ್ಯಗಳನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿ ನೋಡಿ. ರಿವರ್ಬ್ ಅನ್ನು (ಕೋಣೆಯಲ್ಲಿ ಧ್ವನಿ ಅನುರಣಿಸಿದಂತೆ ಮಾಡುವ ಪರಿಣಾಮ) ಟ್ರ್ಯಾಕಿಗೊಂದರಂತೆ ಹಾಕದೆ ಒಂದೇ ಕಡೆ ಇಟ್ಟು, ಬೇಕಾದಷ್ಟನ್ನು ಅಲ್ಲಿಗೆ ಕಳಿಸುವುದರಿಂದ ವಾದ್ಯಗಳೆಲ್ಲ ಒಂದೇ ಅಂಗಳದಲ್ಲಿ ಕುಳಿತು ನುಡಿಸಿದಂತೆ ಕೇಳುತ್ತವೆ.

ಕೊನೆಗೆ ಫೋನಿನ ಸ್ಪೀಕರಿನಲ್ಲಿ ತಗ್ಗಿದ ಧ್ವನಿಯಲ್ಲಿ ಕೇಳಿ. ಅಲ್ಲಿ ಬೇಸ್ ಮಾಯವಾದರೆ ಅದರ ಫೇಡರ್ ಏರಿಸಬೇಡಿ, ಅದಕ್ಕೆ ತುಸು ಸ್ಯಾಚುರೇಷನ್ (ಧ್ವನಿಯನ್ನು ಹದವಾಗಿ ಒರಟಾಗಿಸುವ ಪರಿಣಾಮ) ಕೊಡಿ. ಆಗ ಹುಟ್ಟುವ ಮೇಲಿನ ಅನುಸ್ವರಗಳನ್ನು ಚಿಕ್ಕ ಸ್ಪೀಕರ್ ಕೂಡ ನುಡಿಯಬಲ್ಲದು. ಹಾಡನ್ನು 24 ಬಿಟ್‌ನ ವೇವ್ ಕಡತವಾಗಿ ಹೊರತೆಗೆಯಿರಿ, ಜೊತೆಗೆ ಪ್ರತಿ ವಾದ್ಯವನ್ನೂ ಬೇರೆ ಕಡತವಾಗಿ ಉಳಿಸಿ, ಹೆಸರಿನಲ್ಲೇ ಶ್ರುತಿ, ತಾಳ, ಟೆಂಪೋ ಬರೆದಿಡಿ. ನಾಳೆ ಪ್ಲಗಿನ್ ಹೊಸ ಕಂಪ್ಯೂಟರಿನಲ್ಲಿ ತೆರೆದುಕೊಳ್ಳದಿದ್ದರೂ ಕೊಳಲಿನ ಆ ಜಾರು ನಿಮ್ಮ ಬಳಿ ಉಳಿದಿರುತ್ತದೆ.